ಹಳೆಯ ಬಂದರಿನ ದಾರಿಯಲ್ಲಿ

ಮಂಗಳೂರಿನ ಹಳೆಯ ಬಂದರಿನಲ್ಲಿ ಸಂಜೆಯ ಬಿಸಿಲು ಇಳಿಯುತ್ತಿತ್ತು. ವೃದ್ಧರೊಬ್ಬರು ಮೊಮ್ಮಗಳ ಕೈ ಹಿಡಿದು ಗುರುಪುರ ನದಿಯ ದಂಡೆಯಲ್ಲಿ ನಿಧಾನವಾಗಿ ನಡೆಯುತ್ತಿದ್ದರು. ಒಂದು ಪಕ್ಕದಲ್ಲಿ ಹಂಚಿನ ಮಾಡಿನ ಹಳೆಯ ಗೋದಾಮುಗಳು. ಇನ್ನೊಂದು ಪಕ್ಕದಲ್ಲಿ ನದಿ. ಅದರಾಚೆ ಬೆಂಗ್ರೆಯ ಮರಳಿನ ನೆಲ, ಅದರಾಚೆ ಅರಬ್ಬೀ ಸಮುದ್ರ. ತುಸು ದಕ್ಷಿಣಕ್ಕೆ ನೇತ್ರಾವತಿಯೂ ಬಂದು ಕೂಡಿ, ಎರಡು ನದಿಗಳೂ ಒಂದೇ ಅಳಿವೆಯಲ್ಲಿ ಕಡಲನ್ನು ಸೇರುತ್ತವೆ.

ದೊಡ್ಡ ಹಡಗುಗಳು ಇಲ್ಲಿಗೆ ಬರುವುದಿಲ್ಲ. 1975ರಲ್ಲಿ ಉದ್ಘಾಟನೆಗೊಂಡ ಪಣಂಬೂರಿನ ಹೊಸ ಬಂದರೇ ಅವುಗಳ ತಾಣ. ಇಲ್ಲಿ ಉಳಿದಿರುವುದು ಮೀನುದೋಣಿಗಳು ಮತ್ತು ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳು. ಅಂತಹ ಮಂಜಿಯೊಂದರ ಮುಂದೆ ವೃದ್ಧರು ನಿಂತರು. ಅವರ ಮುತ್ತಜ್ಜ ಹಾಯಿಮಂಜಿಯ ತಾಂಡೇಲರಾಗಿದ್ದರು. ಎಂದರೆ ನಾವಿಕರ ಮುಖ್ಯಸ್ಥರು. 1865ರಲ್ಲಿ ಬಾಸೆಲ್ ಮಿಶನ್ ಇಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಈ ನದಿಗಳ ಜೇಡಿಮಣ್ಣು ಕೆಂಪು ಹಂಚಾಗಿ ದೂರದೂರದ ಊರುಗಳಿಗೆ ಪ್ರಯಾಣ ಮಾಡಿತು. ಮುತ್ತಜ್ಜ ಅದನ್ನು ಹೇರಿಕೊಂಡು ಹೋಗುತ್ತಿದ್ದರು.

ಚಳಿಗಾಲದ ಈಶಾನ್ಯ ಗಾಳಿ ಹಾಯಿಗಳನ್ನು ಅರಬಸ್ತಾನದ ಕಡೆಗೆ ತಳ್ಳುತ್ತದೆ. ನೈಋತ್ಯ ಗಾಳಿ ಹಿಂದಕ್ಕೆ ತರುತ್ತದೆ. ಆದರೆ ಅದು ಮುಂಗಾರಾಗಿ ಕೆರಳಿದಾಗ ಕಡಲು ಯಾರನ್ನೂ ಬಿಡುವುದಿಲ್ಲ. ಒಂದು ವರ್ಷ ಮುಂಗಾರು ಬೇಗ ಬಂದಿತು. ಮುತ್ತಜ್ಜನ ಮಂಜಿ ಮರಳಲಿಲ್ಲ.

“ಅವರ ಹೆಸರೇನು, ಅಜ್ಜ?” ಎಂದು ಬಾಲಕಿ ಕೇಳಿದಳು.

ವೃದ್ಧರು ಉತ್ತರಿಸಲಾರದೆ ಹೋದರು. ಮನೆಯಲ್ಲಿ ಎಲ್ಲರೂ ‘ಮಂಜಿಯಜ್ಜ’ ಎಂದೇ ಹೇಳುತ್ತ ಬಂದುದರಿಂದ ನಿಜವಾದ ಹೆಸರು ಮರೆತುಹೋಗಿತ್ತು.

ಸ್ವಲ್ಪ ಹೊತ್ತಿನ ಮೇಲೆ ಅವರು ಮತ್ತೊಬ್ಬನ ಕಥೆಯನ್ನು ಹೇಳಿದರು. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕ ಟ್ಯುನೀಶಿಯದಿಂದ ಅದನ್ ಮಾರ್ಗವಾಗಿ ಬಂದು ಮಂಗಳೂರಿನಲ್ಲಿ ನೆಲೆಸಿದನು. ಮೆಣಸು, ಅಡಕೆಗಳನ್ನು ಕಳುಹಿಸಿ, ಕಾಗದವನ್ನೂ ರೇಷ್ಮೆಯನ್ನೂ ತರಿಸುತ್ತಿದ್ದನು. ಅವನ ಪರವಾಗಿ ಅದನ್ ಪಟ್ಟಣಕ್ಕೆ ಹೋಗಿಬರುತ್ತಿದ್ದವನು ಅವನ ದಾಸ. ಆ ದಾಸ ಅಲ್ಲಿ ಕುಡಿದು ಹೆಚ್ಚು ಹಣ ಕೇಳಿದನೆಂದು ಅದನ್ ವರ್ತಕನು ಒಮ್ಮೆ ದೂರಿ ಬರೆದನು. ಮುಂದಿನ ಪತ್ರಗಳಲ್ಲಿ ಅವನನ್ನೇ ‘ಶೇಖ್’ ಎಂದು ಗೌರವಿಸಲಾಗಿದೆ.

ಬರಹವಿದ್ದ ಕಾಗದವನ್ನು, ಅದರಲ್ಲಿ ದೇವರ ಹೆಸರಿದ್ದೀತೆಂದು, ನಾಶಮಾಡದಿರುವುದು ಆ ಯೆಹೂದಿಗಳ ಪದ್ಧತಿ. ಆದ್ದರಿಂದ ಆ ಪತ್ರಗಳು ಕೈರೋದ ಪ್ರಾರ್ಥನಾಮಂದಿರದ ಕೋಣೆಯೊಂದರಲ್ಲಿ ಏಳು ಶತಮಾನಗಳಿಗೂ ಹೆಚ್ಚು ಕಾಲ ಉಳಿದವು. ಅವುಗಳಲ್ಲಿ ದಾಸನ ಹೆಸರಿಗೆ ಇದ್ದುದು ಮೂರೇ ಅಕ್ಷರ. ಲೇಖಕ ಅಮಿತಾವ್ ಘೋಷ್ ಅವರು ತುಳುನಾಡಿನ ವಿದ್ವಾಂಸರ ನೆರವಿನಿಂದ ಅದನ್ನು ‘ಬೊಮ್ಮ’ ಎಂದು ಓದಿದರು. 1992ರಲ್ಲಿ ಪ್ರಕಟವಾದ ಅವರ ಗ್ರಂಥ ಆ ಹೆಸರನ್ನು ಲೋಕಕ್ಕೆ ಪರಿಚಯಿಸಿತು.

“ಹಾಗಾದರೆ ಮಂಜಿಯಜ್ಜನ ಹೆಸರೂ ಎಲ್ಲಿಯಾದರೂ ಇರಬಹುದಲ್ಲವೇ?”

“ಇರಬಹುದು ಮಗಳೇ. ಆದರೆ ಬೊಮ್ಮನ ಹೆಸರನ್ನು ಯಾರೋ ಬರೆದರು, ಅದಕ್ಕಾಗಿ ಉಳಿಯಿತು. ನಾವು ಬರೆಯಲಿಲ್ಲ.”

ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ಮನೆ ಸೇರಿದರು. ಬಾಲಕಿ ಹೊಸ ನೋಟುಪುಸ್ತಕವೊಂದನ್ನು ತೆರೆದಳು. ವೃದ್ಧರು ತಮ್ಮ ತಂದೆಯ, ತಾಯಿಯ, ಅಜ್ಜಿಯ ಹೆಸರುಗಳನ್ನು ಒಂದೊಂದಾಗಿ ಹೇಳಿದರು, ಅವಳು ಬರೆದಳು. ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಹೆಸರಿಗೆಂದು ಸ್ವಲ್ಪ ಜಾಗ ಬಿಟ್ಟು, ಅದರ ಮುಂದೆ ಹೀಗೆ ಬರೆದಳು: “ತಾಂಡೇಲರು, ಮಂಗಳೂರು ಬಂದರು.”