ಬೊಂತೆಯ ನಾಲ್ಕು ಮೂಲೆಗಳು

ಹಳೆಯ ಬಟ್ಟೆಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ ಹೊಲಿದ ಹೊದಿಕೆಗೆ ನಮ್ಮ ಕಡೆ ಬೊಂತೆಯೆಂದೂ, ಬಡಗಣ ಸೀಮೆಯಲ್ಲಿ ಕೌದಿಯೆಂದೂ ಹೆಸರು. ಸಂಸ್ಕೃತದಲ್ಲಿ ಇದಕ್ಕೆ ಕಂಥಾ ಎನ್ನುತ್ತಾರೆ. ಪಾಣಿನಿಯ ಸೂತ್ರಗಳಲ್ಲಿಯೂ ಕಂಥಾ ಶಬ್ದವುಂಟು. ಆದರೆ ಅಲ್ಲಿ ಅದು ಊರುಗಳ ಹೆಸರಿಗೆ ಸಂಬಂಧಪಟ್ಟದ್ದಾದುದರಿಂದ ಅದನ್ನು ಇಲ್ಲಿಗೆ ಎಳೆದು ತರುವುದು ನ್ಯಾಯವಲ್ಲ. ಭರ್ತೃಹರಿಯ ವೈರಾಗ್ಯಶತಕವನ್ನು ಓದಿದವರಿಗೆ ಕಂಥೆಯೆಂದೊಡನೆ ಎಲ್ಲವನ್ನೂ ತೊರೆದ ವಿರಕ್ತನ ಮೈಮೇಲಿನ ಚಿಂದಿಯ ಹೊದಿಕೆಯೇ ಕಣ್ಣಿಗೆ ಕಟ್ಟುತ್ತದೆ. ಪಾಠಶಾಲೆಯಲ್ಲಿ ನಾವು ಕಲಿತ ಅರ್ಥವೂ ಅಷ್ಟೇ. ಅದನ್ನು ಹೊಲಿದವರು ಯಾರು, ಯಾವ ತುಂಡಿನ ಪಕ್ಕಕ್ಕೆ ಯಾವುದನ್ನು ಏತಕ್ಕಾಗಿ ಇಟ್ಟರು ಎಂಬ ವಿಚಾರ ನಾನು ಓದಿದ ಯಾವ ವ್ಯಾಖ್ಯಾನದಲ್ಲಿಯೂ ಇಲ್ಲ. ಬೌದ್ಧರು ಈ ವಿಷಯದಲ್ಲಿ ಸ್ವಲ್ಪ ಮೇಲು. ಮಗಧದೇಶದ ಗದ್ದೆಗಳನ್ನೂ ಅವುಗಳ ಬದುಗಳನ್ನೂ ತೋರಿಸಿ, ಆ ಮಾದರಿಯಲ್ಲಿ ಭಿಕ್ಷುಗಳ ಚೀವರವನ್ನು ತುಂಡು ಜೋಡಿಸಿ ಹೊಲಿಸುವಂತೆ ಬುದ್ಧನು ಆನಂದನಿಗೆ ಹೇಳಿದನೆಂದು ವಿನಯಪಿಟಕದಲ್ಲಿದೆ. ಯಳಂದೂರಿನ ಕಡೆ ಬಿಳಿಗಿರಿರಂಗನ ಬೆಟ್ಟದ ಏರಿನಲ್ಲಿ ನಿಂತು ಕೆಳಗಿನ ಗದ್ದೆಬಯಲನ್ನು ನೋಡಿದವರಿಗೆ ಈ ಉಪಮಾನದ ಸೊಗಸನ್ನು ಬೇರೆಯಾಗಿ ಬಿಡಿಸಿ ಹೇಳಬೇಕಾದುದಿಲ್ಲ.

ಕೆಲಕಾಲದ ಹಿಂದೆ ಮೈಸೂರಿನಲ್ಲಿ ಕೌದಿಗಳ ಪ್ರದರ್ಶನವೊಂದನ್ನು ನೋಡುವ ಅವಕಾಶ ನನಗೆ ದೊರೆಯಿತು. ಅಲ್ಲಿ ಮುಖ್ಯವಾಗಿದ್ದುವು ಉತ್ತರಕನ್ನಡದ ಸಿದ್ದಿ ಹೆಂಗಸರ ಕೈಯ ಕೌದಿಗಳು. ಸಿದ್ದಿಗಳ ಪೂರ್ವಿಕರು ಆಫ್ರಿಕಾ ಖಂಡದಿಂದ ಬಂದವರು. ಅನೇಕರನ್ನು ಪೋರ್ಚುಗೀಸರು ಗೋವೆಗೆ ಗುಲಾಮರನ್ನಾಗಿ ತಂದರು. ಈಗ ಯಲ್ಲಾಪುರ, ಹಳಿಯಾಳ, ಮುಂಡಗೋಡುಗಳ ಕಾಡಂಚಿನಲ್ಲಿ ಹಿಂದೂಗಳಾಗಿ, ಮುಸಲ್ಮಾನರಾಗಿ, ಕ್ರೈಸ್ತರಾಗಿ ಬಾಳುತ್ತಿದ್ದಾರೆ. ಅಮೆರಿಕಾದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಕಲೇತಿಹಾಸದ ಅಧ್ಯಾಪಕರಾಗಿದ್ದ ಹೆನ್ರಿ ಡ್ರೂವಲ್ ಎಂಬವರು ಇವರ ಕೌದಿಗಳನ್ನು ಕಂಡು ಬೆರಗಾಗಿ, ೨೦೦೪ರಲ್ಲಿ ಈ ಹೆಂಗಸರದೊಂದು ಸಹಕಾರ ಸಂಘವಾಗುವುದಕ್ಕೆ ನೆರವಾದರು. ೨೦೧೧ರಲ್ಲಿ ನ್ಯೂಯಾರ್ಕ್ ನಗರದ ಶೊಂಬರ್ಗ್ ಕೇಂದ್ರದಲ್ಲಿ ಇವರ ಕೌದಿಗಳ ಪ್ರದರ್ಶನ ನಡೆಯಿತು. ಕಾಡಿನ ಗುಡಿಸಲಿನಲ್ಲಿ ಮಕ್ಕಳನ್ನು ಚಳಿಯಿಂದ ಕಾಯುತ್ತಿದ್ದ ಹೊದಿಕೆ ಸಮುದ್ರವನ್ನು ದಾಟಿ ಗೋಡೆಯನ್ನೇರಿತು.

ಗೋಡೆಯ ಮೇಲಿನ ಕೌದಿಯನ್ನು ನೋಡುವುದು ಒಂದು ವಿಚಿತ್ರವಾದ ಅನುಭವ. ಹಾಸಿದಾಗ ಮುಖ ಕಾಣದ ವಸ್ತು ಅಲ್ಲಿ ನಿಂತು ನಮ್ಮನ್ನು ಎದುರಿಸುತ್ತದೆ. ಬೇಗಡೆಯಂಥ ಹಳದಿ, ಮಾಸಿದ ನೀಲಿ, ಯಾರದೋ ಅಂಗಿಯ ಗೆರೆ, ಶಾಲೆಯ ಹುಡುಗಿಯ ಲಂಗದ ಚೌಕಳಿ, ಇವೆಲ್ಲ ಕೂಡಿ ಒಂದು ನಡೆಗೆ ಸಿಕ್ಕಿದ್ದುವು. ಹೊಲಿಗೆ ಅಂಚಿನಿಂದ ಹೊರಟು ಸುತ್ತಿ ಸುತ್ತಿ ನಡುವಿಗೆ ಬರುತ್ತದೆ; ಅಲ್ಲಲ್ಲಿ ಡೊಂಕಾಗುತ್ತದೆ; ಆ ಡೊಂಕಿನಿಂದಲೇ ಬಟ್ಟೆಗೆ ನೀರಿನ ಅಲೆಯಂಥ ಒಂದು ಚಲನೆ ಬಂದಿದೆ. ನನಗೆ ಹಿಂಬದಿಯನ್ನು ನೋಡುವ ಆಸೆಯಾಯಿತು. ಹೊಲಿಗೆಯ ಸತ್ಯವೆಲ್ಲ ಹಿಂದೆ ಇರುತ್ತದೆ. ಆದರೆ ಮುಟ್ಟಬಾರದೆಂಬ ಹಲಗೆಯಿತ್ತು. ಹೊದಿಕೆಯನ್ನು ಮುಟ್ಟಬಾರದೆನ್ನುವುದು ಹಣ್ಣಿನ ರುಚಿಯನ್ನು ಮೂಗಿನಿಂದಲೇ ತಿಳಿಯಿರೆಂದಂತೆ. ಪ್ರದರ್ಶನಗಳ ಧರ್ಮ ಹಾಗೆ.

ನೋಡಲು ಬಂದವರಲ್ಲಿ ಬಹುಮಂದಿ ಒಂದೇ ಮಾತನ್ನು ಹೇಳುತ್ತಿದ್ದರು: 'ಪಾಪ, ಬಡವರು, ಏನನ್ನೂ ಬಿಸಾಡದೆ ಹೇಗೆ ಉಪಯೋಗಿಸಿದ್ದಾರೆ!' ಈ ಮೆಚ್ಚುಗೆ ನನಗೆ ಒಪ್ಪಿಗೆಯಾಗಲಿಲ್ಲ. ಮಿತವ್ಯಯವೇ ಗುರಿಯಾಗಿದ್ದರೆ ಚಳಿ ತಡೆಯುವಷ್ಟಕ್ಕೆ ಸೂಜಿ ನಿಲ್ಲಬೇಕಾಗಿತ್ತು. ಅದು ನಿಂತಿಲ್ಲ. ಸಿದ್ದಿಗಳ ಕೌದಿಯ ನಾಲ್ಕು ಮೂಲೆಗಳಲ್ಲಿಯೂ ಬಟ್ಟೆಯನ್ನು ಮುಕ್ಕೋಣವಾಗಿ ಮಡಿಸಿ ಒಂದರ ಮೇಲೊಂದು ಹೊಲಿದ ಒಂದು ಅಲಂಕಾರವುಂಟು. ಅದಕ್ಕೆ ಅವರು 'ಫುಲಾ', ಎಂದರೆ ಹೂವು, ಎನ್ನುತ್ತಾರೆ. ಅದರಿಂದ ಬೆಚ್ಚಗಾಗುವುದು ಏನೂ ಇಲ್ಲ. ಬಟ್ಟೆಯೂ ದಾರವೂ ಹೊತ್ತೂ ವೆಚ್ಚ. ಆದರೂ ಫುಲಾ ಇಲ್ಲದ ಕೌದಿ ಬತ್ತಲೆಯೆಂದು ಅವರ ಮತ.

ಈ ವಿವರಣೆಯನ್ನು ಅಲ್ಲಿ ಓದಿದಾಗ ನನಗೆ ನಮ್ಮ ಸೋದರತ್ತೆಯವರ ನೆನಪು ಬಂತು.

ಅತ್ತೆಯವರು ಹುಟ್ಟಿದ್ದು ಕೊಳ್ಳೇಗಾಲದಲ್ಲಿ, ಕೊಟ್ಟದ್ದು ಯಳಂದೂರಿಗೆ. ಆಗ ಕೊಳ್ಳೇಗಾಲವು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೂ, ಯಳಂದೂರು ಮೈಸೂರು ಸಂಸ್ಥಾನಕ್ಕೂ ಸೇರಿದ್ದುವು. ಶಾರದಾ ಕಾಯಿದೆಯು ೧೯೩೦ರಲ್ಲಿ ಜಾರಿಗೆ ಬರುವುದಕ್ಕೆ ಎಷ್ಟೋ ಮುಂಚೆ ನಡೆದ ಮದುವೆ. ಹನ್ನೆರಡು ತುಂಬುವುದರೊಳಗೆ ಅವರು ತೌರಿಗೆ ಹಿಂದಿರುಗಿದರು. ಅಂದಿನಿಂದ ೧೯೭೮ರಲ್ಲಿ ಕಣ್ಣುಮುಚ್ಚುವವರೆಗೆ ತಲೆ ಬೋಳು. ಅಂಚುಸೆರಗುಗಳಿಲ್ಲದ ಒಂದೇ ಕೆಂಪು ಸೀರೆ. ಹೂವಿಲ್ಲ, ಕುಂಕುಮವಿಲ್ಲ, ಬಳೆಯಿಲ್ಲ. ಮನೆಯ ಅಡಿಗೆಯೆಲ್ಲ ಅವರದು. ಮಡಿಯಲ್ಲಿದ್ದಾಗ ಹಳೆಯ ಬಟ್ಟೆಯನ್ನು ಮುಟ್ಟುವಂತಿರಲಿಲ್ಲ. ಮಧ್ಯಾಹ್ನ ಎಲ್ಲರ ಊಟ ಮುಗಿದು, ತಮ್ಮ ಊಟವೂ ಆದಮೇಲೆಯೇ ನಡುಮನೆಯ ಕಿಟಕಿಯ ಬಳಿ ಬೊಂತೆಯನ್ನು ಬಿಚ್ಚಿ ಕೂರುತ್ತಿದ್ದರು. ಕೆಲಸ ಕಲಿಸಿದವಳು ಹನೂರಿನ ಕಡೆಯಿಂದ ಹುಣಿಸೆಹಣ್ಣು ತರುತ್ತಿದ್ದ ಒಬ್ಬ ಒಕ್ಕಲು ಹೆಂಗಸು. ಅವಳು ಜಗಲಿಯ ಮೇಲೆ, ಇವರು ಹೊಸಲಿನ ಒಳಗೆ. ಬಟ್ಟೆಯ ಒಂದು ತುದಿ ಅವಳ ತೊಡೆಯ ಮೇಲೆ, ಇನ್ನೊಂದು ಇವರ ತೊಡೆಯ ಮೇಲೆ. ಆ ಕಾಲದ ಆಚಾರಕ್ಕೆ ಇದು ಹೇಗೆ ಒಗ್ಗಿತೋ! ಮನೆಯ ಗಂಡಸರು ಕಂಡೂ ಕಾಣದಂತಿದ್ದರು.

ಅಕ್ಕಂದಿರ, ತಂಗಿಯರ, ಅತ್ತಿಗೆಯರ ಹಳೆಯ ಸೀರೆಗಳೆಲ್ಲ ಅತ್ತೆಯವರ ಪಾಲಿಗೆ ಬರುತ್ತಿದ್ದುವು. ತಾವು ಉಡಲಾಗದ ಹಸುರು, ತಾವು ತೊಡಲಾಗದ ಹಳದಿ ಅವರ ಮಡಿಲಿನಲ್ಲಿ ರಾಶಿಯಾಗಿ ಬೀಳುತ್ತಿತ್ತು. ಅವರು ತುಂಡುಗಳನ್ನು ನೆಲದ ಮೇಲೆ ಹರಡಿ ಬಹಳ ಹೊತ್ತು ಸುಮ್ಮನೆ ನೋಡುವರು. ಒಂದನ್ನೆತ್ತಿ ಬೇರೊಂದು ಕಡೆಗೆ ಇಡುವರು. ಮರುದಿನ ಅದನ್ನೂ ಬದಲಾಯಿಸುವರು. ನಮ್ಮ ಊರು ರೇಷ್ಮೆಗೆ ಹೆಸರಾದದ್ದಷ್ಟೆ. ರೇಷ್ಮೆ ಬೊಂತೆಗೆ ಆಗದು. ಜಾರುತ್ತದೆ, ಹೊಲಿಗೆಯ ಬಳಿ ಪಿಸಿಯುತ್ತದೆ. ಇದು ಅವರಿಗೆ ಚೆನ್ನಾಗಿ ತಿಳಿದಿತ್ತು. ಆದರೂ ಪ್ರತಿಯೊಂದು ಬೊಂತೆಯ ನಾಲ್ಕು ಮೂಲೆಗಳಿಗೂ ಹಳೆಯ ಧಾರೆಸೀರೆಯೊಂದರ ಸರಿಗೆಯ ಅಂಚಿನಿಂದ ಬೆರಳಗಲದ ಚೂರನ್ನು ಕತ್ತರಿಸಿ ಹೊಲಿಯುತ್ತಿದ್ದರು. ಯಾರ ಧಾರೆಸೀರೆಯೆಂಬುದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಾನು ಚಿಕ್ಕವನಾಗಿದ್ದಾಗ, 'ಅತ್ತೆ, ಅದು ಚುಚ್ಚುತ್ತದೆ, ಏಕೆ ಹಾಕುತ್ತೀರಿ?' ಎಂದು ಕೇಳಿದೆ. ಸೂಜಿಯಿಂದ ಕಣ್ಣನ್ನು ತೆಗೆಯದೆಯೇ, 'ಮೂಲೆ ಬೋಳಾಗಿರಬಾರದಪ್ಪ' ಎಂದರು.

ಇಂಥ ಕೆಲಸವನ್ನು ಬಡತನದ ಕಲೆಯೆಂದರೆ ಅರ್ಧ ಮಾತ್ರ ಹೇಳಿದಂತಾಗುತ್ತದೆ. ಅಮೆರಿಕಾದ ಅಲಬಾಮಾ ಸೀಮೆಯ ಗೀಸ್ ಬೆಂಡ್ ಎಂಬ ಹಳ್ಳಿಯಲ್ಲಿ ಗುಲಾಮರ ಸಂತತಿಯ ಹೆಂಗಸರು ಹೊಲದಲ್ಲಿ ದುಡಿದು ಸವೆದ ಬಟ್ಟೆಗಳಿಂದ ಮಾಡಿದ ಹೊದಿಕೆಗಳು ೨೦೦೨ರಲ್ಲಿ ಹ್ಯೂಸ್ಟನ್ ನಗರದ ಕಲಾಸಂಗ್ರಹಾಲಯದಲ್ಲಿ ಪ್ರದರ್ಶಿತವಾಗಿ ಲೋಕಪ್ರಸಿದ್ಧವಾದುವು. ಅಲ್ಲಿಯೂ ಬಟ್ಟೆಯನ್ನು ಕೊಟ್ಟದ್ದು ಬಡತನ; ಬಣ್ಣವನ್ನು ಆರಿಸಿದ್ದು ಬಡತನವಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ಸಂಚಿಯ ಊಳಿಗದಲ್ಲಿದ್ದ ಯಳಂದೂರಿನ ಹೊನ್ನಮ್ಮನಿಗೆ ಅಕ್ಷರ ದೊರೆಯಿತು. ಆಕೆ 'ಹದಿಬದೆಯ ಧರ್ಮ'ವನ್ನು ಬರೆದು ಹೆಸರುಳಿಸಿದಳು. ನಮ್ಮ ಅತ್ತೆಯವರಿಗೆ ಸಿಕ್ಕಿದ್ದು ದಬ್ಬಣ.

ಅವರು ಹೊಲಿದವುಗಳಲ್ಲಿ ಒಂದೇ ಒಂದು ಈಗ ಉಳಿದಿದೆ. ಅದರ ಕೆಳಪದರ ಜೀರ್ಣವಾಗಿದೆ. ಪ್ರದರ್ಶನದಲ್ಲಿ ಪರಿಚಯವಾದ ಸಂಗ್ರಾಹಕರೊಬ್ಬರು ಮನೆಗೆ ಬಂದು ನೋಡಿ, ಒಳ್ಳೆಯ ಬೆಲೆ ಕೊಡುವುದಾಗಿಯೂ, ಗಾಜು ಹಾಕಿಸಿ ಬೆಳಕು ತಾಕದಂತೆ ಕಾಪಾಡುವುದಾಗಿಯೂ ಹೇಳಿದರು. ಮಗನಿಗೆ ಅದು ಯುಕ್ತವಾಗಿ ಕಂಡಿತು. ಉಪಯೋಗಿಸಿದರೆ ಇನ್ನು ಹತ್ತು ವರ್ಷ ಬಾಳದೆಂಬ ಅವನ ವಾದದಲ್ಲಿ ಸುಳ್ಳಿಲ್ಲ. ಸೊಸೆ ಒಪ್ಪಲಿಲ್ಲ. ಸವೆದ ಬೊಂತೆಗೆ ಕೆಳಗಿನಿಂದ ಬೇರೆ ಸೀರೆ ಕೊಟ್ಟು ಹೊಲಿಯುವುದು ನಮ್ಮ ಹೆಂಗಸರ ಹಳೆಯ ಪದ್ಧತಿ. ಹೀಗೆ ಮಾಡಿದರೆ ಹಿಂಬದಿಯ ಹಳೆಯ ಹೊಲಿಗೆ ಮುಚ್ಚಿಹೋಗುತ್ತದೆ, ಮುಂಬದಿಯ ಮೇಲೆ ಹೊಸ ಹೊಲಿಗೆ ಹಾಯುತ್ತದೆ. ಸಂಗ್ರಾಹಕರ ದೃಷ್ಟಿಯಿಂದ ಅದು ವಸ್ತುವನ್ನು ಕೆಡಿಸಿದಂತೆ. ಎರಡು ದಿನ ಮನೆಯಲ್ಲಿ ಈ ಚರ್ಚೆ ನಡೆಯಿತು. ಕೊನೆಗೆ ನನ್ನ ಮಾತನ್ನು ಕೇಳಿದರು. ನಾನು ಸೊಸೆಯ ಪಕ್ಷವನ್ನು ಹಿಡಿದೆ.

ಹೋದ ತಿಂಗಳು ಅವಳು ಕೆಲಸಕ್ಕೆ ಕೈಹಾಕಿದಳು. ಕೆಳಗೆ ಕೊಟ್ಟಿರುವುದು ದಿವಂಗತಳಾದ ನನ್ನ ಹೆಂಡತಿಯ ಹಸುರು ನೂಲುಸೀರೆ. ಮೂರು ಮೂಲೆಗಳಲ್ಲಿ ಸರಿಗೆಯ ಚೂರು ಕಪ್ಪಾಗಿದ್ದರೂ ನಿಂತಿದೆ, ನಾಲ್ಕನೆಯದು ಉದುರಿಹೋಗಿದೆ. ಅಲ್ಲಿಗೆ ಏನನ್ನು ಇಡುವುದೆಂದು ತನ್ನ ಪೆಟ್ಟಿಗೆಯನ್ನೆಲ್ಲ ಹುಡುಕುತ್ತಿದ್ದಾಳೆ.