ಹಳೆಯ ಮೋಟಾರಿನ ಸಾರಥ್ಯ

ಮಹಾಭಾರತದ ನಳೋಪಾಖ್ಯಾನದಲ್ಲಿ ಬಾಹುಕನು ರಥಕ್ಕೆ ಹೂಡಲು ಬಡಕಲು ಕುದುರೆಗಳನ್ನು ಆರಿಸಿದಾಗ ಋತುಪರ್ಣ ಮಹಾರಾಜನಿಗೆ ಸಂದೇಹ ಹುಟ್ಟಿತು. ಬಾಹುಕನಾದರೋ ಅಶ್ವಹೃದಯವನ್ನು ಬಲ್ಲವನು. ಕಣ್ಣಿಗೆ ಪುಷ್ಟವಾಗಿ ಕಾಣುವುದು ಬೇರೆ, ದಾರಿಗೆ ಸಮರ್ಥವಾಗಿರುವುದು ಬೇರೆ ಎಂಬುದನ್ನು ಅರಿತವನು. ಅಮೆರಿಕದ ಹಳೆಯ ಮೋಟಾರು ಕಾರನ್ನು ಮನೆಯಲ್ಲಿ ಉಳಿಸಿಕೊಂಡಿರುವ ಗೃಹಸ್ಥರು ಈ ಕಥೆಯನ್ನು ಮನನಮಾಡಬೇಕು. ದುಂಡಗಿನ ಮೈ, ಮಿರುಗುವ ಕ್ರೋಮಿಯಮ್ ಪಟ್ಟಿ, ಮಂಚದಂತೆ ಅಗಲವಾದ ಆಸನ, ಇವೆಲ್ಲವೂ ಪುಷ್ಟಿಯ ಲಕ್ಷಣಗಳೇ ಅಹುದು. ಆದರೆ ಆ ವಾಹನದ ಹೃದಯವನ್ನು ಬಲ್ಲ ಸಾರಥಿಯಿಲ್ಲದಿದ್ದರೆ ಅದರ ಭಾರವೇ ಅಪಾಯಕ್ಕೆ ಕಾರಣವಾಗುತ್ತದೆ.

ಈ ಗಾಡಿಗಳಿಗೂ ಕೋಲಾರದ ಸೀಮೆಗೂ ಒಂದು ಸಂಬಂಧವುಂಟು. ಅಂದು ಕೋಲಾರ ಜಿಲ್ಲೆಯಲ್ಲಿದ್ದು 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿರುವ ಮುದ್ದೇನಹಳ್ಳಿಯಲ್ಲಿ ಜನಿಸಿದ ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪು ಅಮೆರಿಕಗಳಲ್ಲಿ ಸಂಚರಿಸಿ ಮೋಟಾರು ತಯಾರಿಕೆಯನ್ನು ಪರಿಶೀಲಿಸಿದರು. ಮೈಸೂರು ಸಂಸ್ಥಾನದಲ್ಲಿ ಅಂತಹ ಕಾರ್ಖಾನೆಯೊಂದು ಏಳಬೇಕೆಂಬ ಪ್ರಯತ್ನವು ಬ್ರಿಟಿಷ್ ಸರಕಾರದ ಅನುಕೂಲ ದೊರೆಯದೆ ಕೈಗೂಡಲಿಲ್ಲ. ಆ ಪ್ರಯತ್ನದಲ್ಲಿ ಜೊತೆಯಾಗಿದ್ದ ವಾಲ್‌ಚಂದ್ ಹೀರಾಚಂದರು 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯನ್ನು ಸ್ಥಾಪಿಸಿದರು. ಅಮೆರಿಕದ ಕ್ರೈಸ್ಲರ್ ಕಂಪನಿಯ ಸಹಕಾರದಿಂದ ಮುಂಬಯಿಯ ಕುರ್ಲಾದಲ್ಲಿ 1947ರಿಂದ ಮೊದಲುಗೊಂಡು ಡಾಡ್ಜ್, ಪ್ಲಿಮತ್, ಡಿ ಸೋಟೊ ಎಂಬ ಹೆಸರಿನ ಗಾಡಿಗಳು ಅಲ್ಲಿ ಸಿದ್ಧವಾದುವು. ಆದಕಾರಣ ಇಂತಹ ಡಾಡ್ಜ್ ಒಂದನ್ನು ಕಾಪಾಡುವ ಮನೆಯವರು ಈ ನೆಲದ ಹಿರಿಯರೊಬ್ಬರ ಮನೋರಥದ ತುಣುಕನ್ನೂ ಕಾಪಾಡುತ್ತಿರುವರು ಎನ್ನಬಹುದು.

ಕಾಪಾಡುವುದೆಂದರೆ ಒರಸಿ ಹೊಳಪಿಡುವುದಷ್ಟೇ ಅಲ್ಲ. ಆ ಕಾಲದ ಗಾಡಿಯ ನಾಲ್ಕು ಚಕ್ರಗಳ ಬ್ರೇಕಿಗೂ ಎಣ್ಣೆಯನ್ನು ನೂಕುವ ಮಾಸ್ಟರ್ ಸಿಲಿಂಡರಿನಲ್ಲಿ ಇರುವುದು ಒಂದೇ ಮಾರ್ಗ. ಈಗಿನ ಕಾರುಗಳಲ್ಲಿ ಎರಡು ಮಾರ್ಗಗಳಿರುವುದರಿಂದ ಒಂದು ಕೆಟ್ಟರೂ ಇನ್ನೊಂದು ಉಳಿಯುತ್ತದೆ. ಹಳೆಯ ಗಾಡಿಯಲ್ಲಿ ಎಲ್ಲಿಯೋ ಒಂದು ರಬ್ಬರು ಕೊಳವೆ ಬಿರಿದರೆ ನಾಲ್ಕು ಚಕ್ರಗಳೂ ಒಮ್ಮೆಗೇ ಬ್ರೇಕಿಲ್ಲದವಾಗುತ್ತವೆ. ಬ್ರೇಕಿನ ಎಣ್ಣೆಯು ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ಎರಡು ವರ್ಷಕ್ಕೊಮ್ಮೆ ಅದನ್ನು ತೆಗೆದು ಹೊಸದನ್ನು ತುಂಬದಿದ್ದರೆ ಒಳಗಿನ ಲೋಹಕ್ಕೆ ತುಕ್ಕು ಹತ್ತುತ್ತದೆ. ಇನ್ನು ಈ ಡಾಡ್ಜ್ ಪ್ಲಿಮತ್‌ಗಳ ಹ್ಯಾಂಡ್‌ಬ್ರೇಕು ಚಕ್ರಗಳನ್ನು ಹಿಡಿಯುವುದಿಲ್ಲ, ಗಿಯರುಪೆಟ್ಟಿಗೆಯ ಹಿಂದೆ ತಿರುಗುವ ದಂಡವನ್ನು ಹಿಡಿಯುತ್ತದೆ. ಹಿಂದಿನ ಒಂದು ಚಕ್ರವನ್ನು ಜಾಕಿನಿಂದ ಮೇಲೆತ್ತಿದೊಡನೆ ಆ ಹಿಡಿತವು ನಿಷ್ಫಲವಾಗಿ ಗಾಡಿಯು ಉರುಳಿಬಿಡಬಹುದು. ಇದನ್ನರಿಯದೆ ಗಾಡಿಯ ಕೆಳಗೆ ಕೈಯಿಡುವವನ ಪ್ರಾಣಕ್ಕೆ ಕುತ್ತು. ನೆಲದಲ್ಲಿರುವ ಚಕ್ರಗಳ ಹಿಂದೆ ಮುಂದೆ ದಪ್ಪ ಕಲ್ಲುಗಳನ್ನು ಇಟ್ಟ ಮೇಲೆಯೇ ಜಾಕಿಗೆ ಕೈಹಾಕಬೇಕು.

ವೇಗದ ವಿಷಯದಲ್ಲಿ ಲೆಕ್ಕವು ಸರಳವಾಗಿದೆ. ವೇಗವು ಇಮ್ಮಡಿಯಾದರೆ ಬ್ರೇಕು ಹಾಕಿದ ಮೇಲೆ ಗಾಡಿಯು ನಿಲ್ಲಲು ಬೇಕಾಗುವ ದೂರವು ನಾಲ್ಮಡಿಯಾಗುತ್ತದೆ. ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 30 ಕಿಲೋಮೀಟರು ದೂರವೂ ಹೊಸ ಕಾರುಗಳು ಮುಂದಿನ ಗಾಡಿಗೆ ಅಂಟಿದಂತೆ ಓಡಿ, ಫಕ್ಕನೆ ನಿಲ್ಲುತ್ತವೆ. ಹಳೆಯ ಡಾಡ್ಜ್ ಹಾಗೆ ನಿಲ್ಲಲಾರದು. ಅದರ ಸಾರಥಿಯು ಇತರರು ಬಿಡುವ ಅಂತರದ ಎರಡರಷ್ಟನ್ನು ಬಿಟ್ಟು, ಎಡಬದಿಯಲ್ಲಿ ಸಾವಧಾನವಾಗಿ ಹೋಗಬೇಕು. ಆ ತೆರಪಿನಲ್ಲಿ ಯಾರಾದರೂ ನುಗ್ಗಿದರೆ ಕೋಪಿಸದೆ ಮತ್ತೆ ತೆರಪನ್ನು ಮಾಡಿಕೊಳ್ಳಬೇಕು. ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ದಾರಿಯಲ್ಲಿ ಹಣ್ಣು ತುಂಬಿದ ಟ್ರ್ಯಾಕ್ಟರುಗಳು, ಮಾಲೂರಿನ ಕಡೆ ಇಟ್ಟಿಗೆ ಹೊತ್ತ ಲಾರಿಗಳು ಅಡ್ಡಬರುವುದು ವಾಡಿಕೆ. ಮಳೆಯ ನೀರಿನಲ್ಲಿ ಹಾಯ್ದ ಮೇಲೆ ಬ್ರೇಕನ್ನು ಮೆಲ್ಲಗೆ ಒತ್ತಿ ಆರಿಸಿಕೊಂಡು ಮುಂದುವರಿಯಬೇಕು. ಮುಳಬಾಗಿಲಿನಿಂದ ತಿರುಪತಿಗೆ ಹೊರಟವರು ಪಲಮನೇರಿನ ಆಚೆ ಮೊಗಿಲಿ ಘಟ್ಟವನ್ನು ಇಳಿಯುವಾಗ ಬ್ರೇಕನ್ನೇ ನಂಬಿದರೆ ಡ್ರಮ್ಮುಗಳು ಕಾದು ಹಿಡಿತವು ಕುಗ್ಗುತ್ತದೆ. ಇಳಿಜಾರಿಗೆ ಮೊದಲೇ ಗಿಯರನ್ನು ತಗ್ಗಿಸಿ ಎಂಜಿನಿನಿಂದಲೇ ವೇಗವನ್ನು ತಡೆಯುವುದು ಕ್ರಮ. ಆರು ವೋಲ್ಟಿನ ದೀಪಗಳಿರುವ ಗಾಡಿಯನ್ನು ಕತ್ತಲಾದ ಮೇಲೆ ಹೊರಗೆ ತೆಗೆಯದಿರುವುದೇ ಲೇಸು.

ಇಷ್ಟನ್ನೆಲ್ಲ ಬಲ್ಲ ಯಜಮಾನರಿಗೂ ಮದುವೆಯ ದಿನ ಕಠಿನ ಪರೀಕ್ಷೆ ಒದಗುತ್ತದೆ. ತಾತನ ಕಾರಿನಲ್ಲಿಯೇ ವಧೂವರರು ಬರಬೇಕೆಂದು ಬೀಗರಿಗೆ ಆಸೆ. ಅಗಲವಾದ ಆಸನವನ್ನು ಕಂಡು ಅತ್ತೆ, ಚಿಕ್ಕಮ್ಮ, ಸೋದರಮಾವ ಎಲ್ಲರೂ ಏರುವರು. ಮಕ್ಕಳನ್ನು ಮುಂದಿನ ಆಸನದ ಮೇಲೆ ನಿಲ್ಲಿಸುವರು. ಆ ಗಾಡಿಯಲ್ಲಿ ಹುಟ್ಟಿನಿಂದ ಸೀಟ್‌ಬೆಲ್ಟು ಇಲ್ಲ. ಮಗುವಿನ ಮುಖಕ್ಕೆ ಎದುರಾಗಿ ಇರುವುದು ಬರಿಯ ಉಕ್ಕಿನ ಹಲಗೆ. ಸ್ಟಿಯರಿಂಗಿನ ದಂಡವು ಹೊಡೆತಕ್ಕೆ ಕುಸಿಯದೆ ಸಾರಥಿಯ ಎದೆಗೇ ನಾಟುವಂತಹುದು. ಅಂತಹ ಸಮಯದಲ್ಲಿ ‘ಛತ್ರದಿಂದ ದೇವಸ್ಥಾನಕ್ಕೆ, ನಡಿಗೆಯ ವೇಗದಲ್ಲಿ, ವಧೂವರರಿಬ್ಬರೇ’ ಎಂದು ಹೇಳಿ, ಉಳಿದವರನ್ನು ಬೇರೆ ಗಾಡಿಗೆ ಕಳುಹಿಸಲು ಗಟ್ಟಿ ಮನಸ್ಸು ಬೇಕು. ಜಿಪುಣ, ಜಂಬಗಾರ ಎಂಬ ಮಾತುಗಳು ಬರುವುವು. ಬರಲಿ, ಅವು ಸಂಜೆಯ ಊಟದ ವೇಳೆಗೆ ಮರೆತುಹೋಗುವುವು. ಮಗುವಿಗೆ ತಗಲಿದ ಪೆಟ್ಟು ಮರೆತುಹೋಗದು.

ಕಾನೂನಿನ ವಿಷಯವನ್ನೂ ತಿಳಿದಿರಬೇಕು. 50 ವರ್ಷಕ್ಕೆ ಮೀರಿದ, ಮೂಲರೂಪವನ್ನು ಉಳಿಸಿಕೊಂಡ ವಾಹನಗಳಿಗೆ ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿಯನ್ನು ಕೇಂದ್ರ ಸರಕಾರವು 2021ರ ಜುಲೈ ತಿಂಗಳಲ್ಲಿ ಏರ್ಪಡಿಸಿತು. ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲು ತುಂಬಿಸುವುದಕ್ಕೆ, ದುರಸ್ತಿಗೆ ಕೊಂಡೊಯ್ಯಬಹುದೇ ಹೊರತು ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಪೆಟ್ರೋಲೂ ಹಿಂದಿನದಲ್ಲ, 2025ರ ಹೊತ್ತಿಗೆ ಅದರಲ್ಲಿ ಶೇಕಡ 20ರಷ್ಟು ಎಥನಾಲ್ ಬೆರೆಯುವಂತಾಯಿತು. ಹಳೆಯ ರಬ್ಬರು ಕೊಳವೆಗಳು ಇದನ್ನು ತಾಳವು. ಅವು ಮೆತ್ತಗಾಗಿ ಜಿನುಗಿದರೆ ಕಾದ ಎಂಜಿನಿನ ಬಳಿ ಬೆಂಕಿಯ ಭಯ. ಆದ್ದರಿಂದ ಕೊಳವೆಗಳನ್ನು ಬದಲಾಯಿಸಿ, ಬೆಂಕಿಯಾರಿಸುವ ಸಣ್ಣ ಉಪಕರಣವೊಂದನ್ನು ಆಸನದ ಬಳಿ ಇಟ್ಟಿರುವುದು ವಿವೇಕ.

ಆಯುಧಪೂಜೆಯ ದಿನ ಗಾಡಿಗೆ ಕುಂಕುಮವಿಟ್ಟು ಚಕ್ರದಡಿಗೆ ನಿಂಬೆಹಣ್ಣು ಇಡುವುದು ನಮ್ಮ ಸೀಮೆಯ ಸಂಪ್ರದಾಯ. ಅದೇ ಕೈ ಅಂದೇ ಬ್ರೇಕಿನ ಎಣ್ಣೆಯ ಮಟ್ಟವನ್ನೂ ನೋಡಿದರೆ, ಟೈರಿನ ಬಿರುಕನ್ನೂ ಸವರಿದರೆ, ಪೂಜೆಯು ಸಾಂಗವಾಗುತ್ತದೆ. ಯಜಮಾನರು ಮಗನಿಗೋ ಮೊಮ್ಮಗಳಿಗೋ ಬೀಗದ ಕೈಯನ್ನು ಒಪ್ಪಿಸುವ ಮೊದಲು ಒಂದು ವರ್ಷಕಾಲ ಪಕ್ಕದಲ್ಲಿ ಕುಳಿತು ಈ ವಾಹನದ ಹೃದಯವನ್ನು ಕಲಿಸಲಿ. ಬಾಹುಕನೂ ಅಶ್ವಹೃದಯವನ್ನು ತನ್ನಲ್ಲಿಯೇ ಇಟ್ಟುಕೊಳ್ಳದೆ ಋತುಪರ್ಣನಿಗೆ ಉಪದೇಶಿಸಿದನಷ್ಟೆ.