ಮೆಕ್ಕಾಕ್ಕೆ ಯಾವ ತಿಂಗಳು?

ಹಜ್ ಯಾತ್ರೆಗೆ ಹೊರಡುವವರಿಗೆ ತಿಂಗಳು ಆರಿಸುವ ಪ್ರಶ್ನೆಯೇ ಇಲ್ಲ. ಅದು ಇಸ್ಲಾಮೀ ವರ್ಷದ ಕೊನೆಯ ತಿಂಗಳಲ್ಲೇ ನಡೆಯಬೇಕು. ಉಮ್ರಾ ಹಾಗಲ್ಲ, ವರ್ಷದ ಬಹುತೇಕ ದಿನಗಳಲ್ಲಿ ಮಾಡಬಹುದು. ಆಯ್ಕೆ ಇರುವಲ್ಲೇ ಗೊಂದಲವೂ ಹುಟ್ಟುತ್ತದೆ.

ಕಲಬುರಗಿಯ ಒಂದು ಮನೆಯಲ್ಲಿ 2025ರ ಮಳೆಗಾಲದಲ್ಲಿ ಇದೇ ಚರ್ಚೆ. ಎಪ್ಪತ್ತು ದಾಟಿದ, ಸಕ್ಕರೆ ಕಾಯಿಲೆಯ ದಾದಿಗೆ ರಂಜಾನಿನಲ್ಲಿ ಹೋಗುವ ಆಸೆ. ಮಗನಿಗೆ ಮಕ್ಕಳ ಬೇಸಿಗೆ ರಜೆಯೇ ಅನುಕೂಲ. ‘ನಮ್ಮೂರ ಬಿಸಿಲು ಕಂಡವರಿಗೆ ಮೆಕ್ಕಾ ಏನು ಮಹಾ?’ ಎಂಬುದು ಅವರ ವಾದ. ದ್ವಿತೀಯ ಪಿಯುಸಿಯ ಮೊಮ್ಮಗಳು ಪೆನ್ನು ಹಿಡಿದು ಲೆಕ್ಕಕ್ಕೆ ಕೂತಳು.

ಚಾಂದ್ರಮಾನ ವರ್ಷಕ್ಕೆ ಸುಮಾರು 354 ದಿನ. ಇಸ್ಲಾಮೀ ಕ್ಯಾಲೆಂಡರಿನಲ್ಲಿ ಅಧಿಕ ಮಾಸ ಸೇರಿಸುವ ಪದ್ಧತಿ ಇಲ್ಲ. ಆದ್ದರಿಂದ ರಂಜಾನ್, ಹಜ್ ಎರಡೂ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿದು, 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತವೆ. 2024ರಲ್ಲಿ ಹಜ್ ಜೂನ್ ಮಧ್ಯಕ್ಕೆ ಬಂತು. ಉಷ್ಣಾಂಶ 51.8 ಡಿಗ್ರಿ ಮುಟ್ಟಿತು. 1,301 ಯಾತ್ರಿಕರು ಮೃತಪಟ್ಟರೆಂದು ಸೌದಿ ಸರ್ಕಾರವೇ ತಿಳಿಸಿತು. ಅವರಲ್ಲಿ ಹೆಚ್ಚಿನವರು ಪರವಾನಗಿಯಿಲ್ಲದೆ ಬಂದು, ನೆರಳಿಲ್ಲದೆ ದೂರ ನಡೆದವರು. ಇದನ್ನು ಓದಿದ ಮೇಲೆ ಅಬ್ಬಾ ಸುಮ್ಮನಾದರು.

2026ರ ಹಜ್ ಮೇ ಕೊನೆಗೆ. ಅದಕ್ಕೆ ಕೆಲವು ವಾರ ಮೊದಲೇ ಹೊರದೇಶದವರಿಗೆ ಉಮ್ರಾ ನಿಲ್ಲುವುದರಿಂದ ಬೇಸಿಗೆ ರಜೆ ಉಪಯೋಗಕ್ಕೆ ಬಾರದು. ಫೆಬ್ರವರಿಯ ರಂಜಾನಿನಲ್ಲಿ ಹವೆ ಹಿತ, ಜನಸಂದಣಿ ಮಾತ್ರ ವಿಪರೀತ. ದಸರೆಯ ಹೊತ್ತಿಗೂ ಅಲ್ಲಿ ಹಗಲು 40 ಡಿಗ್ರಿಯ ಆಸುಪಾಸು. ಕಲ್ಲುಗುಡ್ಡಗಳ ನಡುವಿನ ಕಣಿವೆಯಾದ್ದರಿಂದ ರಾತ್ರಿಯೂ ಬೇಗ ತಣಿಯುವುದಿಲ್ಲ. ಉಳಿದದ್ದು ಜನವರಿ, ಹಗಲಿಗೆ 30ರ ಸುತ್ತಮುತ್ತ. ಆದರೆ ಆಗ ಪಿಯುಸಿ ಪರೀಕ್ಷೆ ಬಾಗಿಲಲ್ಲಿ!

‘ಇನ್ನೊಂದು ವರ್ಷ ಕಾಯೋಣ ದಾದಿ, ಎಲ್ಲರೂ ಕೂಡಿ ಹೋಗೋಣ’ ಎಂದಳು ಹುಡುಗಿ.

‘ನನ್ನ ಕಾಲು ಇನ್ನೊಂದು ವರ್ಷ ಕಾಯ್ತದೇನು ಬೇಟಿ? ನೀನು ಪರೀಕ್ಷೆ ಬರಿ. ಅಲ್ಲಿ ನಿನಗಾಗಿ ದುವಾ ಮಾಡ್ತೀನಿ.’

ಮನೆಯಲ್ಲಿ ಮತ್ತೆ ಚರ್ಚೆ ನಡೆಯಲಿಲ್ಲ. ಜನವರಿಯಲ್ಲಿ ತಾಯಿ, ಮಗ ಇಬ್ಬರೇ ಹೊರಟರು. ಹೊರಡುವ ಮುನ್ನ ಮೊಮ್ಮಗಳು ಒಂದು ಹಾಳೆಯಲ್ಲಿ ದಪ್ಪಕ್ಷರಗಳಲ್ಲಿ ಬರೆದುಕೊಟ್ಟಿದ್ದಳು: ತೆರೆದ ಅಂಗಳದಲ್ಲಿ ಕಾಬಾಕ್ಕೆ ಹಾಕುವ ಏಳು ಸುತ್ತು ಇಶಾ ನಮಾಜಿನ ನಂತರ, ಸಫಾ–ಮರ್ವಾ ನಡುವಿನ ಏಳು ನಡಿಗೆಗೆ ಮೇಲೆ ಮಾಡು ಇದೆ, ಆದರೂ ಆಗದಿದ್ದರೆ ಗಾಲಿಕುರ್ಚಿ, ಬಾಯಾರುವ ಮೊದಲೇ ನೀರು, ಮಾತ್ರೆ ಕೈಚೀಲದಲ್ಲೇ.

ಯಾತ್ರೆಯ ದಿನ ಗೊತ್ತುಮಾಡುವಾಗ ಮನೆಮಂದಿ ಸಾಮಾನ್ಯವಾಗಿ ನೋಡುವುದು ರಜೆ ಮತ್ತು ವಿಮಾನದ ದರ. ಮನೆಯ ಹಿರಿಯ ಜೀವ ಎಷ್ಟು ಬಿಸಿಲು ತಡೆದೀತು ಎಂಬುದನ್ನು ಮೊದಲು ಕೇಳಿಕೊಂಡರೆ ಉಳಿದ ಲೆಕ್ಕ ತಾನಾಗಿ ಸರಿಹೋಗುತ್ತದೆ. ಆ ಲೆಕ್ಕಕ್ಕೆ ಬೇಕಾದ ಭೂಗೋಳ, ಗಣಿತ ಮಕ್ಕಳ ಪಠ್ಯಪುಸ್ತಕದಲ್ಲೇ ಇದೆ.